ದುರಗಪ್ಪ ಸೋಸಿದ ಪೆಟ್ರೋಲು

"ನಾ ಸೋಸಿದ ಪೆಟ್ರೋಲ ಹಸುಗೂಸಿಗೆ ಕುಡಿಸಿದ್ರೂ ಕೆಮ್ಮೂದಿಲ್ಲ!" ಎಂದು ದುರಗಪ್ಪ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಕೇಳುವಂತೆ ಹೇಳಿದ. ಆ ದಿನ ಇಳಕಲ್ಲಿನ ಆ ಓಣಿಯಲ್ಲಿ ಹಸುಗೂಸು ಇದ್ದ ತಾಯಂದಿರೆಲ್ಲ ಕದ ಹಾಕಿಕೊಂಡರಂತೆ. ಮಾತು ನಂಬಿ ಅಲ್ಲ. ಆಡಿದ್ದನ್ನು ಮಾಡಿ ತೋರಿಸಲು ಈತ ಹೊರಟರೆ ಏನು ಗತಿ ಎಂದು.

ಅವನ ಮನೆಯ ಮುಂದೆ ನಿಂತಿದ್ದದ್ದು ಮೂವತ್ತು ದಾಟಿದ ಮಾರುತಿ ಕಾರು. ಹುಟ್ಟುವಾಗ ಬಿಳಿ ಇತ್ತು. ಈಗಿನ ಬಣ್ಣಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಅದರ ಹಿಂದಿನ ಸೀಟು ಕಿತ್ತು, ಸೀರೆಯ ಗಂಟು ತುಂಬಿಕೊಂಡು ದುರಗಪ್ಪ ಹುನಗುಂದ, ಗುಳೇದಗುಡ್ಡ, ಬಾದಾಮಿ ಎಂದು ಅರ್ಧ ಆಯುಷ್ಯ ತಿರುಗಿದ್ದ. ಅವನು ತಿರುಗುತ್ತಿದ್ದಾಗ ಹೆಂಡತಿ ಸುಂದರವ್ವ ಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಆ ಸೀರೆಗಳನ್ನು ನೇಯುತ್ತಿದ್ದಳು. ಕಾರು ಪೆಟ್ರೋಲಿನ ಮೇಲೆ ಓಡಿತೆಂದು ಲೋಕ ತಿಳಿದಿದ್ದರೆ ತಿಳಿದುಕೊಳ್ಳಲಿ. ಖರೆ ಅಂದರೆ ಅದು ಓಡಿದ್ದು ಸುಂದರವ್ವನ ಮೊಣಕಾಲಿನ ಮೇಲೆ. ತುಳಿದು ತುಳಿದು ಅವು ಸವೆದವು. ಹೋದ ದೀಪಾವಳಿಯ ಹಿಂದೆಯೇ ಬಾಗಲಕೋಟೆಯ ದವಾಖಾನೆಯಲ್ಲಿ ಎರಡನ್ನೂ ತೆಗೆದು ಹೊಸವು ಕೂಡಿಸಿದರು. ಆ ಮನೆಯಲ್ಲಿ ಹೊಸ ಬಿಡಿಭಾಗ ಕಂಡ ಮೊದಲ ಜೀವ ಅವಳೇ.

ಅಂದಿನಿಂದ ಸುಂದರವ್ವ ಹೊಸ್ತಿಲು ದಾಟಿರಲಿಲ್ಲ. ಕಾರೂ ಓಣಿ ದಾಟಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿದ್ದಾಗ ಬಾದಾಮಿ ಹತ್ತಿರದ ಚೊಳಚಗುಡ್ಡದಿಂದ ಅವಳ ತಂಗಿಯ ಫೋನು ಬಂತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿದೆ. ಹೋದ ವರ್ಷ ತೀರಿಕೊಂಡ ಅವ್ವನ ಹೆಸರನ್ನೇ ಇಡುವುದು. ಮನೆತನಕ್ಕೆ ಹಿರಿಯಳಾದ ಅಕ್ಕನೇ ಬಂದು ಆ ಹೆಸರನ್ನು ಕೂಸಿನ ಕಿವಿಯಲ್ಲಿ ಊದಬೇಕು. ಸುಂದರವ್ವ ಫೋನು ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಸ್ಸಿನ ಮೆಟ್ಲ ಏರೂದು ನಿನ್ನಿಂದ ಆಗೂದಿಲ್ಲ. ನಮ್ಮ ಕಾರಿನ್ಯಾಗ ಕೂಡಿಸಿಕೊಂಡ ಒಯ್ತೇನಿ" ಎಂದ ದುರಗಪ್ಪ. ಅವಳನ್ನು ಕೇಳಿ ಹೇಳಿದ್ದಲ್ಲ. ಕಾರನ್ನು ಕೇಳಿಯಂತೂ ಅಲ್ಲವೇ ಅಲ್ಲ.

ನಿಂತು ನಿಂತು ಟಾಕಿಯಲ್ಲಿ ಪೆಟ್ರೋಲು ಹಳಸಿತ್ತು, ತುಕ್ಕು ಉದುರಿತ್ತು. ದುರಗಪ್ಪ ಪೈಪು ಹಾಕಿ ಬಾಯಿಂದ ಎಳೆದು ಅದನ್ನೆಲ್ಲ ಡಬ್ಬಿಗೆ ಇಳಿಸಿದ. ಸೋಸಲು ಅಂಗಡಿಯ ಜಾಲರಿ ಅವನಿಗೆ ಸಾಲದು. ಮಗ್ಗದಿಂದ ಕೊಯ್ದು ಇಟ್ಟಿದ್ದ, ನೀರು ಕಾಣದ ಹೊಚ್ಚ ಹೊಸ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಸೋಸಿ ಮತ್ತೆ ಟಾಕಿಗೆ ಸುರಿದ. ಕಟ್ಟೆಯ ಮೇಲಿನ ಮಾತು ಹುಟ್ಟಿದ್ದು ಆಗಲೇ.

ಕಾರು ಚಾಲೂ ಆಯಿತು. ಓಣಿಯ ಮೂಲೆಯವರೆಗೆ ಹೋಯಿತು. ಅಲ್ಲಿ ಎರಡು ಸಲ ಬಿಕ್ಕಿ ನಿಂತಿತು.

ಮೊದಲು ಪೆಟ್ರೋಲಿನ ರಬ್ಬರು ಪೈಪು ಬದಲಾಯಿಸಿದ. ಆಮೇಲೆ ಫಿಲ್ಟರು. ಆಮೇಲೆ ಎಂಜಿನ್ನಿಗೆ ಪೆಟ್ರೋಲು ದೂಡುವ ಪಂಪು. ಆಮೇಲೆ ಮತ್ತೆ ಫಿಲ್ಟರು. ಪ್ರತಿ ಸಲ ಕಾರು ನಿಂತಾಗಲೂ ಪೆಟ್ರೋಲಿನಲ್ಲೇ ಇನ್ನೂ ಕಸ ಉಳಿದಿದೆ ಎಂದು ಕೆಳಗಿಳಿಸಿ, ಹೊಸ ತುಂಡು ಕೊಯ್ದು, ಮಡಿಕೆ ಹೆಚ್ಚಿಸಿ ಮತ್ತೆ ಸೋಸಿದ. ಎಷ್ಟು ಶುದ್ಧ ಮಾಡಿದನೋ ಕಾರು ಅಷ್ಟು ಬೇಗ ನಿಲ್ಲತೊಡಗಿತು. ಅವನು ಕಾರಿನ ಕೆಳಗೆ ಎಷ್ಟು ಕಾಲ ಮಲಗಿದನೆಂದರೆ, ಕೋಳಿಗಳು ಅವನನ್ನೂ ಒಂದು ಬಿಡಿಭಾಗವೆಂದು ತಿಳಿದು ಮೈಮೇಲೆ ನಡೆದಾಡಿದವು. ಬಾಯಿಂದ ಎಳೆದೆಳೆದು ಹೊಟ್ಟೆಯಲ್ಲಿ ಪೆಟ್ರೋಲು ಎಷ್ಟು ಸೇರಿತ್ತೋ, ಸುಂದರವ್ವ ಒಲೆ ಹೊತ್ತಿಸುವಾಗಲೆಲ್ಲ ಅವನನ್ನು ಪಡಸಾಲೆಗೆ ಕಳಿಸುತ್ತಿದ್ದಳು. ತೇಗಿದರೆ ಮನೆ ಉಳಿಯಲಿಕ್ಕಿಲ್ಲವೆಂದು.

ಸಾಮಾನು ತಂದುಕೊಡುವವನು ಪಕ್ಕದ ಮನೆಯ ಮತೀನ. ಅವನ ಸರಕಿನ ಆಟೋ ದಿನಾ ಬಾಗಲಕೋಟೆಗೆ ಉಳ್ಳಾಗಡ್ಡಿ ಹೊತ್ತು ಹೋಗಿ ಬರುತ್ತಿತ್ತು.

"ಕಾಕಾ, ಕಾರ ರಿಪೇರಿ ಮಾಡಾಕತ್ತೀರೋ ಹೊಸಾದು ಕಟ್ಟಾಕತ್ತೀರೋ ಅಂತ ಅಂಗಡ್ಯಾಂವ ಕೇಳಿದ."

"ಅವನ ಮಾಲ ಖೋಟಾ ಐತಿ ಅಂತ ಹೇಳಲೇ ಅವಗ. ಫಿಲ್ಟರ್ ಒಂದ ಫರ್ಲಾಂಗ ಬಾಳೂದಿಲ್ಲ."

"ಕಾರ ಬಿಡ್ರಿ ಅತ್ಲಾಗ. ನನ್ನ ಗಾಡ್ಯಾಗ ಕುರ್ಚಿ ಕಟ್ಟಿ ಚಿಗವ್ವನ್ನ ಒಯ್ತೇನಿ. ರಾಣಿ ಹಂಗ ಹೋಗ್ತಾರ."

"ಆಕಿ ಏನ್ ಉಳ್ಳಾಗಡ್ಡಿ ಚೀಲ ಏನಲೇ?" ಎಂದು ದುರಗಪ್ಪ ಕಾರಿನ ಕೆಳಗಿನಿಂದಲೇ ಗದರಿದ.

ತೊಟ್ಟಿಲು ರವಿವಾರ. ಶನಿವಾರ ಮಧ್ಯಾಹ್ನ ಮತ್ತೊಂದು ಫಿಲ್ಟರು ಹಾಕಿ, ಸುಂದರವ್ವನನ್ನು ಮುಂದೆ ಕೂಡಿಸಿಕೊಂಡು ದುರಗಪ್ಪ ಹೊರಟ. ಬಸ್ ಸ್ಟ್ಯಾಂಡಿನ ರಸ್ತೆಗೆ ಮುಟ್ಟುವ ಹೊತ್ತಿಗೆ ಕಾರು ಬಿಕ್ಕಿತು. ಹಿಂದೆ ಲಾರಿ, ಮುಂದೆ ಎಮ್ಮೆ. ಮತೀನ ಇನ್ನಿಬ್ಬರನ್ನು ಕರೆದುಕೊಂಡು ಬಂದು ನೂಕಿದ. ಒಂದು ಕೈ ಸ್ಟೇರಿಂಗಿಗೆ, ಹೆಗಲು ಬಾಗಿಲಿಗೆ ಕೊಟ್ಟು ದುರಗಪ್ಪನೂ ನೂಕಿದ. ಅಷ್ಟು ತಿಂಗಳ ಮೇಲೆ ಸುಂದರವ್ವ ಊರು ನೋಡಿದ್ದು ಹೀಗೆ, ನಾಲ್ಕು ಗಂಡಸರು ಏದುಸಿರು ಬಿಡುತ್ತ ಹೊತ್ತೊಯ್ಯುವ ಮೆರವಣಿಗೆಯಲ್ಲಿ.

ಮನೆ ಮುಟ್ಟಿದ ಮೇಲೆ ದುರಗಪ್ಪ ಆ ಹೊಸ ಫಿಲ್ಟರನ್ನು ಬಿಚ್ಚಿದ. ಪೆಟ್ರೋಲು ಬಸಿದು ಆರಲಿಟ್ಟು, ಗರಗಸದ ಬ್ಲೇಡು ತಂದ. ಅಂಗಡಿಯವನ ಮೋಸವನ್ನು ಓಣಿಯ ಸಾಕ್ಷಿಯಲ್ಲೇ ಕೊಯ್ದು ತೋರಿಸಬೇಕಿತ್ತು. ಕೊಯ್ದ. ಒಳಗಿನಿಂದ ತುಕ್ಕು ಬರಲಿಲ್ಲ, ಮಣ್ಣು ಬರಲಿಲ್ಲ. ಹಿಸುಕಿದ ಹತ್ತಿಯಂಥ ಕೆಂಪು ಎಳೆಗಳ ಉಂಡೆ ಬಂತು, ಒಣಗಿದ ಗಂಜಿಯ ಪುಡಿಯೊಂದಿಗೆ.

ಸುಂದರವ್ವ ಬಗ್ಗಿ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಹೊಸೆದಳು. "ದಾಳಿಂಬ್ರಿ ಕೆಂಪು. ಇದು ನಮ್ಮ ಮಗ್ಗದ್ದರಿ."

ಮಗ್ಗದಿಂದ ಇಳಿದ ಬಟ್ಟೆ ಒಂದೆರಡು ನೀರು ಕಾಣುವವರೆಗೆ ಗಂಜಿ ಉದುರಿಸುತ್ತದೆ, ನವಿರಾದ ಎಳೆ ಬಿಡುತ್ತದೆ. ನೇಕಾರರ ಓಣಿಯಲ್ಲಿ ಇದು ಬೆಕ್ಕಿಗೂ ಗೊತ್ತು. ಆಯುಷ್ಯವೆಲ್ಲ ಆ ಬಟ್ಟೆ ಮಾರಿದ ದುರಗಪ್ಪನಿಗೂ ಗೊತ್ತಿತ್ತು. ಪೆಟ್ರೋಲಿನ ಡಬ್ಬಿಯ ಮುಂದೆ ಕುಳಿತಾಗ ಮಾತ್ರ ನೆನಪಾಗಿರಲಿಲ್ಲ.

"ಕಾಕಾ," ಎಂದ ಮತೀನ ಮೆಲ್ಲಗೆ, "ಕಾರಿಗೆ ಸೀರಿ ಉಡಿಸೀರಲ್ರಿ."

ಕಟ್ಟೆ ನಕ್ಕಿತು. ದುರಗಪ್ಪನಿಗೆ ಸಿಟ್ಟಾದರೂ ಬರಬೇಕಿತ್ತು, ಬರಲಿಲ್ಲ. ಟಾಕಿ ಇಳಿಸಿ ತೊಳೆಯಬೇಕು, ಪಂಪು ಬಿಚ್ಚಬೇಕು, ಕಾರ್ಬೊರೇಟರು ಊದಬೇಕು. ನಾಳೆಗೆ ಆಗುವ ಮಾತಲ್ಲ. ಎಲ್ಲರೂ ಎದ್ದು ಹೋದ ಮೇಲೂ ಅವನು ಮೆಟ್ಟಿಲ ಮೇಲೆ ಕುಳಿತೇ ಇದ್ದ. ಬೆನ್ನು, ಭುಜ, ಬೆರಳ ಗಂಟುಗಳೆಲ್ಲ ಈಗ ಒಟ್ಟಿಗೆ ಲೆಕ್ಕ ಕೇಳುತ್ತಿದ್ದವು.

"ತಂಗಿಗೆ ಫೋನ್ ಹಚ್ಚು. ಬರೂದು ಆಗೂದಿಲ್ಲ ಅಂತ ಹೇಳು" ಎಂದ.

"ಯಾಕ್ ಆಗೂದಿಲ್ಲ? ಬಸ್ ಬಂದ್ ಆಗ್ಯಾವೇನು?"

"ಮೆಟ್ಲ ಹೆಂಗ ಏರ್ತಿ?"

"ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಒಣಗ್ಯಾವಲ್ಲ, ಅವೇನ್ ತಾವ ಏರಿ ಹೋದ್ವೇನು? ಮೆಟ್ಲ ಹತ್ತಿ ರೂಢಿ ಮಾಡ್ಕೋ ಅಂತ ಡಾಕ್ಟರ ಹೇಳ್ಯಾರ. ದಿನಾ ಹತ್ತಿ ಇಳ್ಯಾಕತ್ತೇನಿ."

ದುರಗಪ್ಪ ತಲೆ ಎತ್ತಿದ. "ನನಗ ಒಂದ್ ಮಾತ ಹೇಳಬಾರದಾ?"

"ಯಾರಿಗೆ ಹೇಳ್ಲಿ? ಕಾರಿನ ಬುಡಕ ಎರಡ ಕಾಲ ಅಷ್ಟ ಕಾಣತಿದ್ವು. ಕಾಲಿಗೆ ಕಿವಿ ಇರ್ತಾವೇನು?"

ರವಿವಾರ ಮುಂಜಾನೆಯ ಬಾದಾಮಿ ಬಸ್ಸಿನ ಮೊದಲ ಮೆಟ್ಟಿಲು ಮಾಳಿಗೆಯ ಮೆಟ್ಟಿಲಿಗಿಂತ ಎತ್ತರವಿತ್ತು. ದುರಗಪ್ಪನ ಕಣ್ಣಿಗೆ ಬಾದಾಮಿಯ ಬಂಡೆಗಿಂತಲೂ ಎತ್ತರವಿತ್ತು. ಸುಂದರವ್ವ ಸರಳು ಹಿಡಿದು ಒಂದು ಕಾಲಿಟ್ಟಳು. ಮೈ ಏಳಲಿಲ್ಲ. ಕಾಲು ಕೆಳಗಿಳಿಸಿದಳು. ಮುಖ ಬಿಳುಪಾಯಿತು. ಕಂಡಕ್ಟರು ಸೀಟಿ ಬಾಯಿಂದ ತೆಗೆದು ಕಾದ. ದುರಗಪ್ಪ ಎರಡೂ ಕೈ ಚಾಚಿ ಹಿಂದೆ ನಿಂತ.

"ದೂಡಬ್ಯಾಡ್ರಿ! ನಾ ಏನ್ ಕಾರಲ್ಲ" ಎಂದಳು.

ಅವನು ಕೈ ಹಿಂದೆಳೆದುಕೊಂಡ. ಅವಳು ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಮತ್ತೆ ಕಾಲಿಟ್ಟಳು. ಏರಿದಳು. ಎರಡನೆಯದನ್ನೂ ಏರಿದಳು. ಒಳಗಿದ್ದ ಹೆಂಗಸರು ಸರಿದು ಜಾಗ ಮಾಡಿದರು. ಆಮೇಲೆ ಏರಿದ ದುರಗಪ್ಪ ಎಷ್ಟು ದಣಿದಿದ್ದನೆಂದರೆ, ಅವನನ್ನು ದೂಡಲು ಯಾರಾದರೂ ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಹುನಗುಂದ ಬರುವ ಮೊದಲೇ ಅವನಿಗೆ ನಿದ್ದೆ ಹತ್ತಿತು. ಅಮೀನಗಡ ದಾಟಿದ ಮೇಲೆ ಸುಂದರವ್ವ ಮೊಣಕೈಯಿಂದ ತಿವಿದು ಎಬ್ಬಿಸಿದಳು. ಕೂಸಿನ ಕಿವಿಯಲ್ಲಿ ಊದಬೇಕಾದ ಹೆಸರನ್ನು ಅವಳು ದಾರಿಯುದ್ದಕ್ಕೂ ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು. ಈಗ ಅದನ್ನು ನಿಲ್ಲಿಸಿ, ಕಿಟಕಿಯತ್ತ ಮುಖ ಮಾಡಿ ಅಂದಳು:

"ನೋಡ್ರಿ, ಇಷ್ಟ ದೂರ ಬಂದೇವಿ. ಈ ಬಸ್ ಎಲ್ಲೂ ಕೆಟ್ಟ ನಿಂತಿಲ್ಲ."

ದುರಗಪ್ಪ ಕಣ್ಣು ತೆರೆಯದೆ ಹೇಳಿದ: "ಹೆಂಗ ನಿಲ್ತೈತಿ? ನಾ ಒಳಗ ಕುಂತೇನಿ ಅಂತ ಗೊತ್ತೈತಿ ಅದಕ್ಕ. ನಿಂತ್ರ ಬಿಚ್ಚತಾನ ಅಂತ ಹೆದರಿ ಓಡಾಕತ್ತೈತಿ."