ಬಿದಿರಿನ ವಾರಿಗೆಯವನು

ಅಣಶಿಯ ಕಾಡಿನಲ್ಲಿ ಬಿದಿರು ಕಡಿಯುವವರು ಹಲವರಿದ್ದರು. ದೈತ್ಯಸಂಹಾರ ಮಾಡುತ್ತಿದ್ದವನು ಸಾತಪ್ಪ ಒಬ್ಬನೇ. ದಾಂಡೇಲಿಯ ಕಾಗದದ ಗಿರಣಿಗೆ ಬಿದಿರಿನ ಲಾರಿ ಹೊರಟಾಗಲೆಲ್ಲ, ಗೆದ್ದ ಕೋಟೆಯ ಕೊಳ್ಳೆ ಸಾಗಿಸುವ ಸೇನಾಪತಿಯಂತೆ ಮೀಸೆ ತಿರುವುತ್ತಿದ್ದ. ಬೆಳಗಾವಿ ಕಡೆಯಿಂದ ಕೂಲಿಗೆ ಬಂದಿದ್ದ ಈ ವೀರನಿಗೆ ಬಹಳ ಕಾಲ ಮಕ್ಕಳಾಗಿರಲಿಲ್ಲ.

೧೯೬೦ರ ಸುಮಾರಿಗೆ ಕಾಡಿನ ಬಿದಿರೆಲ್ಲ ಒಮ್ಮೆಗೇ ಹೂ ಬಿಟ್ಟಿತು. ಅದೇ ಹೊತ್ತಿಗೆ ಅವನ ಹೆಂಡತಿ ಶಂಕ್ರೆವ್ವ ಬಸುರಿ.

ಹೂವಿನ ಮಾದರಿ ಒಯ್ಯಲು ಧಾರವಾಡದ ಕಾಲೇಜಿನಿಂದ ಅಡಿವೆಯ್ಯ ಮಾಸ್ತರರು ಬಂದರು. ತೆನೆಯೊಂದನ್ನು ಬಿಡಿಸಿ ತೋರಿಸಿ, "ಇದು ಗಿಡಮರ ಅಲ್ಲೋ, ಹುಲ್ಲು. ಶಾಸ್ತ್ರದಾಗ ಗ್ರಾಮಿನೀ ಅನ್ನೂ ಕುಟುಂಬ. ಭತ್ತ, ಜೋಳ, ಗೋದಿ ಎಲ್ಲಾ ಇದರ ಅಣ್ಣತಮ್ಮರು," ಎಂದರು.

"ಅಂದ್ರ ಇಷ್ಟು ದಿನ ನಾ ಹುಲ್ಲು ಕೊಯ್ದೆನೇನ್ರೀ?" ದೈತ್ಯಸಂಹಾರಿಯ ಮೀಸೆ ಇಳಿಯಿತು.

"ಮತ್ತ? ಜೋಳ ತೆನಿ ಬಿಟ್ಟು ಒಣಗತೈತಲ್ಲ, ಇದೂ ಹಂಗ. ನಲವತ್ತು ವರ್ಷಕ್ಕೊಮ್ಮೆ ಕಾಳು ಕಟ್ಟತೈತಿ, ಸಾಯ್ತೈತಿ. ಒಂದ ವಾರಿಗಿದ್ದು, ಅಂದ್ರ ಒಂದ ವಯಸ್ಸಿಂದು, ಎಲ್ಲಾ ಒಟ್ಟಿಗೆ."

ಸಾತಪ್ಪನಿಗೂ ನಲವತ್ತು. ಅವನ ಮನೆಯಲ್ಲೂ ಈಗಲೇ ಕಾಳು ಕಟ್ಟಿತ್ತು. ಶಾಸ್ತ್ರವೇ ಹೇಳಿದ ಮೇಲೆ ವಾದವೇನು? ಕಂಬಳಿಯನ್ನು ದಾನ ಕೊಟ್ಟ. ತನ್ನ ಚಟ್ಟಕ್ಕೆ ತಾನೇ ಎರಡು ನೆಟ್ಟನೆಯ ಗಳ ಆರಿಸಿ, ಗುಡಿಸಲಿಗೆ ಒರಗಿಸಿಟ್ಟ. ನೋಡಲು ಬಂದವರಿಗೆಲ್ಲ ಅಂತಿಮ ಸಂದೇಶ ಕೊಡುತ್ತಿದ್ದ.

ಶಂಕ್ರೆವ್ವನಿಗೆ ರೇಗಿತು. "ಹೆರಾಕಿ ನಾನು. ಸಾಯೂ ಸಂಭ್ರಮ ನಿಮಗ್ಯಾಕ?"

ಎಲ್ಲರೂ ನಕ್ಕರು. ಸಾತಪ್ಪ ನಗಲಿಲ್ಲ. ಕಾಳು ಕಟ್ಟಿದ್ದು ಯಾರಿಗೆ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಒರಗಿದ್ದ ಗಳಗಳತ್ತ ನೋಡಿದ. ಸರಿಯಾಗಿ ಅವಳಷ್ಟೇ ಉದ್ದವಿದ್ದವು. ಅವನ್ನು ಚೂರು ಚೂರು ಮಾಡಿ ಹೊಳೆಗೆಸೆದ. ಅಂದಿನಿಂದ ಅಂತಿಮ ಸಂದೇಶಗಳೂ ನಿಂತವು.

ಬೇಸಿಗೆಗೆ ಬಿದಿರಿನ ಮೆಳೆಗಳೆಲ್ಲ ನಿಂತಲ್ಲೇ ಸತ್ತವು. ಎಲೆಯಿಲ್ಲ, ನೆರಳಿಲ್ಲ. ಗಾಳಿಯಿಲ್ಲದಾಗಲೂ ಒಣ ಗಳಗಳು ಒಂದಕ್ಕೊಂದು ಟಕ್ ಟಕ್ ಬಡಿದುಕೊಳ್ಳುತ್ತಿದ್ದವು, ಮೆಳೆಯೊಳಗಿಂದ ಯಾರೋ ಕರೆದಂತೆ. ಉದುರಿದ ಬಿದಿರಕ್ಕಿಗೆ ಇಲಿಗಳ ದಂಡೇ ಬಂದಿತ್ತು.

ಒಂದು ಮಧ್ಯಾಹ್ನ ಸೂಲಗಿತ್ತಿ ಕಾಶೆವ್ವ ಅವನನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡಳು. ಸಾತಪ್ಪ ಆ ಸತ್ತ ಮೆಳೆಗಳಿಗೆ ಎದುರಾಗಿ ಕುಳಿತ. ಬಡಿತ ಜೋರಾಯಿತು. ಒಮ್ಮೆಲೇ ನಿಂತಿತು. ಇಲಿಗಳೂ ಕದಲಲಿಲ್ಲ. ಆ ನಿಶ್ಶಬ್ದದೊಳಗೆ ಕೂಸು ಅತ್ತಿತು.

ಅವನು ಕಾದದ್ದು ಕೂಸಿನ ದನಿಗಲ್ಲ. ಶಂಕ್ರೆವ್ವನ ದನಿ ಬರಲೇ ಇಲ್ಲ. ವೀರನ ಗಂಟಲಿನಿಂದ ತಡೆಯಲಾಗದ ಗೋಳೊಂದು ಹೊರಟು ಕಾಡೆಲ್ಲ ತುಂಬಿತು.

"ಹೊರಗ ಯಾರ ಅಳಾಕತ್ತಾರ, ಕಾಶೆವ್ವ?" ಒಳಗಿನಿಂದ ಶಂಕ್ರೆವ್ವನ ದಣಿದ ದನಿ. "ಕೂಸು ಇಲ್ಲೈತಿ, ಅಂತ ಹೇಳವ್ವಾ."