ಬೆತ್ತದ ಕುರ್ಚಿಯವನ ಮೌನ

ಬೆತ್ತದ ಕುರ್ಚಿ ಹೆಣೆಯುವ ಅವನಿಗೆ ಊರವರು ಇಟ್ಟ ಹೆಸರು ತೂಕಡಿಕೆ ಮಾಮ. ಹೆಸರು ಸುಮ್ಮನೆ ಬಂದದ್ದಲ್ಲ. ಹೆಣೆದು ಮುಗಿಸಿದ ಕುರ್ಚಿಯಲ್ಲಿ ತಾನೇ ಒಂದು ಮಧ್ಯಾಹ್ನ ನಿದ್ದೆ ಮಾಡಿ ಏಳದ ಹೊರತು ಅವನು ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ನೆನೆಸಿಟ್ಟ ಬೆತ್ತದ ಹಸಿ ವಾಸನೆ, ಗೋಡೆಯ ಮೇಲೆ ಅಲುಗುವ ಹೆಣಿಗೆಯ ನೆರಳು, ಎಲ್ಲೋ ದೂರಕ್ಕೆ ಸರಿದುಹೋದ ಬೀದಿಯ ಸದ್ದು. ಆ ಅರೆನಿದ್ದೆಯಲ್ಲಿ ಬೆನ್ನಿಗೆ ಒಂದು ಸಡಿಲ ಎಳೆ ತಾಗಿದರೂ ಎದ್ದು ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಎಚ್ಚರವಿದ್ದಾಗ ಮೈ ಸುಳ್ಳು ಹೇಳುತ್ತದೆ ಎನ್ನುವುದು ಅವನ ನಂಬಿಕೆ. ಸೋಮಾರಿತನಕ್ಕೆ ಇದಕ್ಕಿಂತ ಚಂದದ ನೆಪ ಬೇಕೇ ಎಂದು ಹೆಂಡತಿ ಕೆಣಕುತ್ತಿದ್ದಳು.

ಎರಡು ಬೀದಿ ಆಚೆಯ ನಿವೃತ್ತ ಟೀಚರಮ್ಮನಿಗೆ ಮಾತ್ರ ತಾಳ್ಮೆ ಇರಲಿಲ್ಲ.

"ನೀನು ನಿದ್ದೆ ಮಾಡಿ ಏಳೋದನ್ನ ಕಾಯ್ತಾ ಕೂತ್ರೆ ನನ್ನ ಆಯಸ್ಸೇ ಮುಗಿದುಹೋಗುತ್ತೆ ಕಣಪ್ಪ," ಎಂದು ನಗುತ್ತ ತಾವು ಹೇಳಿ ಮಾಡಿಸಿದ ತೂಗುಕುರ್ಚಿಯನ್ನು ಹೆಣೆದು ಮುಗಿದ ದಿನವೇ ಸಾಗಿಸಿಕೊಂಡು ಹೋದರು. ಅವನೂ ಹೂಂ ಅಂದುಬಿಟ್ಟ. ಕೆಲವೇ ದಿನಗಳಲ್ಲಿ ಕುರ್ಚಿಯ ಕಟ್ಟು ಬಿಚ್ಚಿಕೊಂಡಿತು. ಟೀಚರಮ್ಮ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಸುದ್ದಿ ಕೇಳಿದ್ದೇ ಅವನು ಕೈಯಲ್ಲಿದ್ದ ಬೆತ್ತ ಬಿಟ್ಟು ಎದ್ದ. ಚಪ್ಪಲಿ ಮೆಟ್ಟಿ ಹೊರಟವನನ್ನು ಭಾವಮೈದುನ ತಡೆದ. ಈತ ಇನ್ಶೂರೆನ್ಸ್ ಏಜೆಂಟ್. ಈತನ ಕಾಟ ತಾಳಲಾರದೆಯೇ ಅಂಗಡಿಯ ಮಾಲಿನಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೊಡುವ ಪಾಲಿಸಿ ಮಾಡಿಸಿದ್ದು.

"ಭಾವ, ತಪ್ಪು ನಂದೇ ಅಂತ ಒಪ್ಕೊಂಡುಬಿಟ್ಟೀರಾ ಮತ್ತೆ! ಕಂಪನಿನ ಕೇಳದೆ ಹಾಗಂದ್ರೆ ಪಾಲಿಸಿಗೇ ಕುತ್ತು. ಅವರು ಕೋರ್ಟಿಗೆ ಹೋದ್ರೂ ವಕೀಲರನ್ನ ಕಂಪನಿನೇ ಇಡುತ್ತೆ, ಪರಿಹಾರಾನೂ ಅದೇ ಕೊಡುತ್ತೆ. ನೀವು ಧೈರ್ಯವಾಗಿರಿ."

ಅಂಗಡಿ ಹೋದರೆ ಸಂಸಾರವೇ ಬೀದಿಗೆ ಬಿದ್ದಂತೆ. ಅವನು ಬಾಯಿಗೆ ಬೀಗ ಹಾಕಿಕೊಂಡ. ಟೀಚರಮ್ಮನ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಓಡಾಡಿದ. ಕೊನೆಗೆ ಕೋರ್ಟಿನ ನೋಟಿಸೂ ಬಂತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಖಾಲಿ ತೂಗುಕುರ್ಚಿಯೊಂದು ತನ್ನಷ್ಟಕ್ಕೆ ತೂಗುತ್ತ ಕೋಣೆಯ ತುಂಬ ಓಡಾಡುತ್ತಿತ್ತು. ಅದರ ಕಿರುಗುಟ್ಟುವಿಕೆಗೆ ಬೆಚ್ಚಿ ಏಳುತ್ತಿದ್ದ. ಪಾಪ, ಊರಿಗೆಲ್ಲ ನಿದ್ದೆ ಹೆಣೆದು ಕೊಟ್ಟವನಿಗೆ ನಿದ್ದೆ ಇಲ್ಲ.

ಪಾಲಿಸಿಯನ್ನು ಹಳಿಯುವಂತಿಲ್ಲ. ಭಾವಮೈದುನ ಹೇಳಿದಂತೆಯೇ ಕಂಪನಿಯ ವಕೀಲರು ಓಡಾಡಿದರು, ರಾಜಿ ಮಾಡಿಸಿದರು. ಆಸ್ಪತ್ರೆಯ ಖರ್ಚು, ಪರಿಹಾರ ಎಲ್ಲವನ್ನೂ ಕಂಪನಿಯೇ ಕೊಟ್ಟಿತು. ಅಂಗಡಿಯ ಒಂದು ಬೆತ್ತದ ಕಡ್ಡಿಯೂ ಅಲುಗಲಿಲ್ಲ.

"ಇನ್ನಾದ್ರೂ ಹೋಗಿ ಅವರನ್ನ ಮಾತಾಡಿಸಲಾ?" ಎಂದು ಅವನು ಅಂಜುತ್ತ ಕೇಳಿದ.

ಭಾವಮೈದುನ ಕಣ್ಣರಳಿಸಿದ. "ಬೇಡ ಅಂದೋರ್ಯಾರು ಭಾವ? ತಪ್ಪು ಒಪ್ಕೋಬೇಡಿ ಅಂದೆ. ಹೇಗಿದ್ದೀರಿ ಅಂತ ಕೇಳಬೇಡಿ ಅಂದ್ನಾ?"

ಅವನು ಎದ್ದು ನೇರ ಅವರ ಮನೆಗೆ ಹೋದ. ಟೀಚರಮ್ಮ ಬಾಗಿಲು ತೆರೆದರು. ಮಣಿಕಟ್ಟು ಕೊಂಚ ಸೊಟ್ಟಗೆ ಕೂಡಿಕೊಂಡಿತ್ತು.

"ನೋವು... ಈಗ ಹೇಗಿದೆ ಟೀಚರಮ್ಮ?"

ಟೀಚರಮ್ಮನ ಕಣ್ಣು ತುಂಬಿಬಂತು.

"ಕೈ ಮುರಿದಿದ್ದಕ್ಕಲ್ಲ ಕಣಪ್ಪ ನಾನು ಕೇಸು ಹಾಕಿದ್ದು. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ದಿನಾ ಬಾಗಿಲು ನೋಡ್ತಿದ್ದೆ. ಈ ಒಂದು ಮಾತು ಆವಾಗಲೇ ಕೇಳಿದ್ದಿದ್ರೆ ಕೋರ್ಟು ಯಾರಿಗೆ ಬೇಕಿತ್ತು?"

ಈಗ ಅವನ ಬಾಯನ್ನು ಯಾರೂ ತಡೆದಿರಲಿಲ್ಲ. ಆದರೂ ಒಂದು ಮಾತೂ ಹೊರಡಲಿಲ್ಲ.