ಬಿಳಿ ದಡಿಯ ಪಡಸಾಲಿ

ನಮ್ಮ ಪಡಸಾಲಿಗೆ ಬೂದಿ ಬಣ್ಣ ಹಚ್ಚಿಸಿದ ಮ್ಯಾಲೆ ಬಂದವರೆಲ್ಲ ಕೇಳಿದ್ದು ಒಂದ ಮಾತು: “ಗಿಲಾವ್ ಆತಲ್ಲ, ಇನ್ನ ಬಣ್ಣಾ ಯಾವಾಗ ಹಚ್ಚಸ್ತೀರಿ?” ನಮ್ಮ ಬಾಗೇವಾಡ್ಯಾಗ ಗೋಡಿ ಬೂದಿ ಬಣ್ಣ ಐತಿ ಅಂದ್ರ ಅದು ಬರೇ ಸಿಮೆಂಟು, ಮನಿ ಕೆಲಸ ಅರ್ಧಕ್ಕ ನಿಂತೈತಿ ಅಂತ ಲೆಕ್ಕ. ಮೊದಲ ಮೊದಲ ಎಲ್ಲಾರಿಗೂ ತಿಳಿಸಿ ಹೇಳಿದೆ. ಇದ ಬಣ್ಣಾ ರೀ, ಪುಟ್ಟಿ ಹಚ್ಚಿ, ಎರಡು ಕೋಟ್ ಹೊಡಿಸೇವಿ ಅಂತ. ಆಮ್ಯಾಲೆ ತಲಿ ಕೆಟ್ಟು ಹೋತು. “ಹೂಂ ರೀ, ಮುಂದಿನ ವರ್ಷ ನೋಡೂಣು” ಅಂದು ಅಳತಿ ತಗೊಳ್ಳಾಕ ಟೇಪ್ ಹಿಡೀತಿದ್ದೆ.

ನಾನು ಮನ್ಯಾಗ ಬ್ಲೌಸ್ ಹೊಲಿತೇನಿ. ಮಷೀನ್ ಇದ್ದದ್ದು ಪಡಸಾಲ್ಯಾಗ, ಗೋಡಿಗೆ ಮುಖಾ ಮಾಡಿ. ಅದಕ್ಕ ಈ ಊರಾಗ ಗೋಡಿ ನೋಡಿ ನೋಡಿ ಬ್ಯಾಸತ್ತಾಕಿ ನನ್ನಷ್ಟು ಯಾರೂ ಇರಲಿಕ್ಕಿಲ್ಲ. ಮೊದಲ ಇದ್ದದ್ದು ಕ್ರೀಮ್ ಬಣ್ಣ. ನಮ್ಮ ಮನಿಯವರು ಒಮ್ಮೆ ಮನಸ ಮಾಡಿದ್ರಂದ್ರ ಅರ್ಧಕ್ಕ ಬಿಡೂ ಪೈಕಿ ಅಲ್ಲ. ಗೋಡಿಗೆ ಕ್ರೀಮ್, ಬಾಗಲಾ ಚೌಕಟ್ಟಿಗೂ ಕ್ರೀಮ್, ಕಿಡಕಿ ಸರಳಿಗೂ ಅದ. ನಾನು ಸುಮ್ಮನ ನಿಂತಿದ್ರ ನನಗೂ ಹಚ್ಚಿಬಿಡ್ತಿದ್ರು.

ಆ ಕ್ರೀಮ್ ಗೋಡಿ ಒಳಗ ನಮ್ಮತ್ತಿ ಕಣ್ಣು ಹೋಗಾಕ ಹತ್ತಿದ್ದು ನಮಗ್ಯಾರಿಗೂ ಗೊತ್ತಾಗಲಿಲ್ಲ.

ಅತ್ತಿ ಅಂದ್ರ ಖಾಸ ನಮ್ಮಪ್ಪನ ಅಕ್ಕ. ಹುಟ್ಟಿದಾಗಿಂದ ಆಕಿ ಕೂಡ ಜಗಳಾಡಕೊಂತ ಬೆಳದಾಕಿ ನಾನು. ಅದಕ್ಕ ಗಂಡನ ತಾಯಿ ಆದ ಮ್ಯಾಲೂ ನಂದು ಏಕವಚನನ. ಆಕಿ ಅಂದ್ರ ಕುಂತಲ್ಲಿ ಕುಂದ್ರೂ ಜೀವ ಅಲ್ಲ. ಹಿತ್ತಲಕ್ಕ ಹೋಗ್ತಾಳ, ಮನಿ ಮುಂದಿನ ಕಟ್ಟಿಗೆ ಬರ್ತಾಳ, ನಡುವ ಅಡಗಿಮನಿಗೆ ಬಂದು ನನ್ನ ಸಾರಿಗೆ ಹೆಸರಿಟ್ಟು ಹೋಗ್ತಾಳ. ಅಂಥಾಕಿ ಒಂದು ಮಧ್ಯಾಹ್ನ ಅಡಗಿಮನಿ ಬಾಗಲಾ ಅಂತ ತಿಳದು ಗೋಡಿಗೆ ಹೋಗಿ ಢಿಕ್ಕಿ ಹೊಡದ್ಲು. ಹಣಿ ಒಡದು ನೆತ್ತರಾ ಸುರೀತು. ವಿಜಾಪುರಕ್ಕ ಕರಕೊಂಡು ಹೋದ್ರ ಡಾಕ್ಟರು, ಕಣ್ಣಿನ ನರ ಒಣಗೇತಿ, ಹೋದ ದೃಷ್ಟಿ ತಿರಗಿ ಬರಂಗಿಲ್ಲ, ಇದ್ದಷ್ಟು ಉಳಿಸಿಕೊಳ್ರಿ ಅಂದ್ರು. ಹಾಕಾಕ ಡ್ರಾಪ್ಸ್ ಬರಕೊಟ್ರು.

ಮನಿಗೆ ಬಂದು ಹೊರಸಿನ ಮ್ಯಾಲೆ ಕುಂತಾಕಿ ಏಳಲ ಇಲ್ಲ. ಬಚ್ಚಲಕ್ಕ ಹೋಗಬೇಕಂದ್ರೂ ನನ್ನ ಕೈ ಬೇಕು. ಕರಿಯಾಕ ನಾಚಿಕಿ ಬಂದು ನೀರು ಕುಡಿಯೂದ ಕಡಿಮಿ ಮಾಡಿದ್ಲು. “ಅತ್ತಿ, ಸಾರಿಗೆ ಉಪ್ಪು ಸರಿ ಐತೇನು?” ಅಂದ್ರ “ಇರ್ತದ ಬಿಡು” ಅಂದ್ಲು. ನನ್ನ ಅಡಗಿಗೆ ಹೆಸರಿಡೂದ ಬಿಟ್ಲಲ್ಲ, ಆವತ್ತು ನನಗ ಖರೇನ ಅಂಜಿಕಿ ಹತ್ತಿತು. ಕಣ್ಣು ಹೋದ್ರ ಹೋಗಲಿ, ಈ ಹೆಣ್ಣಮಗಳು ಹಿಂಗ ಕುಂತ ಕುಂತ ಮುಗದು ಹೋಗ್ತಾಳ ಅನಸಾಕ ಹತ್ತಿತು.

ಈಗ ಬಣ್ಣದ ಮಾತಿಗೆ ಬರ್ತೇನಿ. ಅತ್ತಿ ಸಲುವಾಗಿ ಹಚ್ಚಿಸಿದೆ ಅಂತ ಹೇಳಿಕೊಂಡ್ರ ಅದು ಸುಳ್ಳು. ಸಿಂದಗಿಯಿಂದ ಬರೂ ಒಬ್ಬರು ಗಿರಾಕಿ ಬೂದಿ ಬಣ್ಣದ ಸೀರಿ ತಂದಿದ್ರು, ಅದಕ್ಕ ಅಚ್ಚ ಬಿಳಿ ದಡಿ. ಮಷೀನ್ ಮ್ಯಾಲೆ ಹಾಸಿದೆ ನೋಡ್ರಿ, ಆಹಾ, ಹಿಂದಿನ ಕ್ರೀಮ್ ಗೋಡಿ ರೋಗಿಷ್ಟರ ಮುಖದಂಗ ಕಂಡತು. ಗೋಡಿಗೆ ಈ ಬೂದಿ, ಚೌಕಟ್ಟು, ಕಿಡಕಿ, ಗೋಡಿ ಬುಡದ ಪಟ್ಟಿಗೆ ಈ ಬಿಳಿ ದಡಿ. ಅವತ್ತ ಮನಸಿನ್ಯಾಗ ಹೊಲದು ಮುಗಿಸಿದೆ.

“ಬೂದಿ?” ಅಂದ್ರು ಮನಿಯವರು. “ಮನಿಗೆ ಹಚ್ಚತೀಯೋ, ಒಲಿಗೋ?”

“ನಿಮ್ಮ ಕ್ರೀಮಿನ್ಯಾಗ ಇಷ್ಟು ವರ್ಷ ನಾ ಬೆಂದೀನಿ, ಸುಮ್ಮನಿರ್ರಿ” ಅಂದೆ.

ಬಣ್ಣದ ವಾಸನಿ ಆಗಂಗಿಲ್ಲ ಅಂತ ಅತ್ತಿನ ಮುದ್ದೇಬಿಹಾಳಕ್ಕ, ಆಕಿ ಮಗಳ ಮನಿಗೆ ಬಿಟ್ಟು ಬಂದ್ವಿ. ಇಂಡಿ ಕಡೆಯಿಂದ ಪೇಂಟರ್ ಬಂದ. ಒಂದ ಗೋಡಿಗರ ನೇರಳಿಹಣ್ಣಿನಂಥಾ ಜಾಂಭಳಿ ಹಚ್ಚೂಣ್ರೀ ಅಕ್ಕಾರ ಅಂತ ಗಂಟು ಬಿದ್ದ. ನಾ ಜಪ್ಪಯ್ಯ ಅನ್ನಲಿಲ್ಲ. ಬಣ್ಣ ಒಣಗಿದ ಮ್ಯಾಲೆ ಬಿಳಿ ಪರದೆ ಹೊಲದು ಹಾಕಿದೆ, ಉಳಿದ ಬ್ಲೌಸಿನ ತುಣಕಾ ಕೂಡಿಸಿ ಅರಿಶಿಣ ಬಣ್ಣದ ದಿಂಬಿನ ಚೀಲ ಮಾಡಿದೆ. ಮಷೀನ್ ಕಿಡಕಿ ಕಡೆ ತಿರಗಸಿದೆ. ನೋಡಿ ನೋಡಿ ನನಗ ಖುಷಿ ಆಗಬೇಕಿತ್ತು. ಆದ್ರ ಅತ್ತಿ ಹೊರಸು ಖಾಲಿ ಇತ್ತು. ಫೋನ್ ಹಚ್ಚಿದ್ರ ಆಕಿ, “ನಾ ಇಲ್ಲೇ ಇರ್ತೇನಿ ತಗೊ. ಎಲ್ಲಿ ಇದ್ರೇನು, ಕುಂದ್ರೂದ ಅಲ್ಲೇನು?” ಅಂದ್ಲು.

ಆ ಮಾತು ಕೇಳಿ ಮರುದಿನಾನ ಗಾಡಿ ಮಾಡಿಕೊಂಡು ಹೋದೆ. “ನೀ ಬರದಿದ್ರ ನನ್ನ ಅಡಗಿಗೆ ಹೆಸರಿಡವರ್ಯಾರು? ಎದ್ದು ಬಾ” ಅಂತ ಜಬರದಸ್ತಿ ಮಾಡಿ ಕೂಡಿಸಿಕೊಂಡು ಬಂದೆ. ಗೊಳಸಂಗಿ ದಾಟೂ ಮುಂದ ನಮ್ಮಿಬ್ಬರ ತೌರೂರು ಬಂತು ಅಂತ ಹೇಳಿದೆ. ಆಕಿ ಹೂಂ ಅಂದ್ಲು, ಅಷ್ಟ.

ಮನಿ ಮುಂದ ಇಳಿಸಿ, ಕೈ ಹಿಡದು ಒಳಗ ಕರಕೊಂಡು ಬಂದೆ. ಪಡಸಾಲಿ ನಟ್ಟನಡುವ ಆಕಿ ನಿಂತಬಿಟ್ಲು. ಕುತ್ತಿಗಿ ಸಾವಕಾಶ ಈ ಕಡೆಯಿಂದ ಆ ಕಡೆ ತಿರಗಿಸಿದ್ಲು. ನಾನು ಬೈಗಳಕ್ಕ ತಯಾರಾಗಿ ನಿಂತೆ.

“ಕಾರಣಿ ಯಾರ ಹಾಕಿದ್ರು?” ಅಂದ್ಲು.

“ಯಾ ಕಾರಣಿ ಅತ್ತಿ?”

“ಆ ಬಾಗಲಕ್ಕ, ಗೋಡಿ ಬುಡಕ್ಕ. ಸುಣ್ಣದ ಕಾರಣಿ ಹಾಕೀರಲ್ಲ.”

ಆಮ್ಯಾಲೆ ಆಕಿನ ಹೇಳಿದ್ಲು. ಗೊಳಸಂಗ್ಯಾಗ ಆಕಿ ಸಣ್ಣಾಕಿ ಇದ್ದಾಗ ಮಣ್ಣಿನ ಗೋಡಿ. ಕರಿಮಣ್ಣು, ಸಗಣಿ ಕಲಸಿ ಸಾರಿಸಿದ್ರ ಒಣಗಿದ ಮ್ಯಾಲೆ ಇದ ಬೂದಿ ಬಣ್ಣ. ಹಬ್ಬ ಬಂತಂದ್ರ ಬಾಗಲಾ ಸುತ್ತ, ಗೋಡಿ ಬುಡದಾಗ ಸುಣ್ಣದಿಂದ ದಪ್ಪ ಪಟ್ಟಿ ಎಳೀತಿದ್ರು, ಅದ ಕಾರಣಿ. ಮನಿಗೆ ಲಕ್ಷಣಾ ಬರಲಿ ಅಂತನೂ ಹೌದು, ಚಿಮಣಿ ಬೆಳಕಿನ್ಯಾಗ ಯಾರೂ ಎಡವಬಾರದು ಅಂತನೂ ಹೌದು. ನಾನು ಹುಟ್ಟೂದ್ರಾಗ ಆ ಮನಿ ಸಿಮೆಂಟ್ ಆಗಿತ್ತು, ನನಗೆಲ್ಲಿ ಗೊತ್ತು? ಈಗ ನಮ್ಮ ಬೂದಿ ಗೋಡಿ ಆಕಿ ಕಣ್ಣಿಗೆ ಕತ್ತಲಿ ಹಂಗ ಇತ್ತು. ಬಿಳಿ ಪಟ್ಟಿ ಮಾತ್ರ ಕಾಣತಿತ್ತು. “ಅದು ಅಡಗಿಮನಿ ಬಾಗಲಾ, ಇದು ಹಿತ್ತಲದ್ದು” ಅಂತ ಬಟ್ಟು ಮಾಡಿ ತೋರಿಸಿದ್ಲು. ಎರಡೂ ಬರೋಬ್ಬರಿ ಇದ್ದವು.

ಆದ್ರ ತೋರಿಸೂದು ಬ್ಯಾರೆ, ನಡಿಯೂದು ಬ್ಯಾರೆ. ಹಣಿ ಪೆಟ್ಟು ಆಕಿ ಇನ್ನೂ ಮರತಿರಲಿಲ್ಲ. ಹೊರಸಿನ ಮ್ಯಾಲೆ ಕುಂತು ಬಾಗಲಾ ನೋಡಕೊಂತ ಇರ್ತಿದ್ಲು, ಏಳತಿರಲಿಲ್ಲ. “ಏಳು ಅತ್ತಿ, ನಾ ಹಿಂದ ಇರ್ತೇನಿ” ಅಂದ್ರ “ನಾಳಿ ನೋಡೂಣು” ಅಂತಿದ್ಲು. ನಾನು ಗಿರಾಕಿಗೆ ಹೇಳೂ ಮಾತು ನನಗ ಹೇಳ್ತಾಳಲ್ಲ ಅಂತ ಸಿಟ್ಟು ಬರ್ತಿತ್ತು. ಒತ್ತಾಯ ಮಾಡಾಕ ಧೈರ್ಯ ಆಗಲಿಲ್ಲ.

ಒಂದಿನಾ ಸಂಜಿಮುಂದ ಮಾಳಿಗಿ ಮ್ಯಾಲೆ ಒಗದು ಒಣಹಾಕಿದ್ದ ಅರಬಿ ತರಾಕ ಹೋಗಿದ್ದೆ. ಇಳದು ಬಂದ್ರ ಹೊರಸು ಖಾಲಿ. ಅರಬಿ ಅಲ್ಲೇ ಒಗದು ಬಚ್ಚಲಕ್ಕ ಓಡಿದೆ, ಹಿತ್ತಲಕ್ಕ ಓಡಿದೆ, ಎಲ್ಲೂ ಇಲ್ಲ. ಎಲ್ಲಿ ಬಿದ್ದಾಳೋ ಯವ್ವಾ ಅಂತ ಅಡಗಿಮನಿಗೂ ಹೊಕ್ಕು ಬಂದೆ. ಆವಾಗ ಮುಂಚಿ ಬಾಗಲದ ಹೊರಗ ದನಿ ಕೇಳತು. ಹೋಗಿ ನೋಡಿದ್ರ ಮಹಾತಾಯಿ ಕಟ್ಟಿ ಮ್ಯಾಲೆ ಕಾಲು ಇಳಿಬಿಟ್ಟು ಕುಂತು, ಕಾಯಿಪಲ್ಲೆ ಮಾರಾಕಿ ಕೂಡ ಬದನಿಕಾಯಿ ಸಲುವಾಗಿ ಜಗಳಾ ತಗದಾಳ!

“ಯಾರ ಕರಕೊಂಡು ಬಂದ್ರು ನಿನ್ನ?” ಅಂತ ಒದರಿದೆ.

“ನನ್ನ ಮನ್ಯಾಗ ನನಗ್ಯಾರು ಕರಕೊಂಡು ಬರಬೇಕು? ಬಾಗಲಾ ಕಂಡತು, ಬಂದೆ.”

“ಒಂದು ಮಾತು ಹೇಳಿ ಬರಾಕ ಏನಾಗಿತ್ತು ನಿನಗ? ಜೀವಾ ಬಾಯಿಗೆ ಬಂದಿತ್ತು ನನಗ!” ಅಂತ ಓಣಿಗೆಲ್ಲ ಕೇಳೂ ಹಂಗ ಬೈದೆ. ಬೈಕೊಂತ ಬೈಕೊಂತ ಆಕಿ ಮಗ್ಗಲಕ್ಕ ಕುಸದು ಕುಂತೆ. ಕಣ್ಣೀರು ತಾವ ಬಂದ್ವು. ಎಷ್ಟು ದಿನದ್ದು ಎದಿ ಮ್ಯಾಲೆ ಹೊತ್ತಿದ್ದೆನೋ, ಅವತ್ತು ಇಳೀತು.

ಅತ್ತಿ ನನ್ನ ಬೆನ್ನಿನ ಮ್ಯಾಲೆ ಕೈ ಇಟ್ಲು. ಇನ್ನೊಂದು ಕೈಲೆ ಬದನಿಕಾಯಿ ಬುಟ್ಟಿ ನನ್ನ ಮುಂದ ನೂಕಿದ್ಲು.

“ಅಳೂದು ಆಮ್ಯಾಲೆ ಇರಲಿ, ಹುಳಕ ಅದಾವೇನು ನೋಡು ಮೊದಲ. ಅದೊಂದು ನನಗ ಕಾಣವಲ್ದು.”